ಎಡ ಚಕ್ರಕ್ಕೆ ಇಪ್ಪತ್ತೆಂಟು

ನನ್ನ ಬಲಗಾಲು ಚಿಕ್ಕಂದಿನಲ್ಲೇ ಪೋಲಿಯೊಗೆ ಸೋತಿತ್ತು. ಎಡಗಾಲು ಗಟ್ಟಿ, ನಾಲಿಗೆ ಅದಕ್ಕಿಂತಲೂ ಗಟ್ಟಿ ಎಂದು ಮನೆಯವರ ಅಂಬೋಣ. ಕೂತರೂ ನಿಂತರೂ ನನ್ನ ಮೈಭಾರ ಎಡಕ್ಕೇ ವಾಲುತ್ತದೆ. "ನೆಟ್ಟಗೆ ಕೂತ್ಕೊ" ಎಂಬ ಮಾತನ್ನು ಇಗರ್ಜಿಯ ಬೆಂಚಿನಲ್ಲಿ, ಶಾಲೆಯಲ್ಲಿ, ಮದುವೆ ಮನೆಗಳ ಫೋಟೊಗಳಲ್ಲಿ ಕೇಳಿ ಕೇಳಿಯೇ ದೊಡ್ಡವಳಾದೆ. ಹೇಳುವವರಿಗೆ ಅದು ಪುಕ್ಕಟೆ ಮಾತು. ನನಗೆ ಪ್ರತಿ ಸಲವೂ ಮೈ ಉರಿಯುತ್ತಿತ್ತು.

ವಾಮಂಜೂರಿನ ನಮ್ಮ ಮನೆಯಿಂದ ಸುರತ್ಕಲ್‌ನ ಶಾಲೆಗೆ ಪಾಠ ಮಾಡಲು ಹೋಗುವವಳು ನಾನು. ಎಷ್ಟೋ ವರ್ಷ ಬಸ್ಸಿನವರು ಎತ್ತಿ ಹತ್ತಿಸಿದರು, ಎತ್ತಿ ಇಳಿಸಿದರು. ಸಾಕಾಯಿತು. ಕೊನೆಗೆ ಒಂದು ಬೈಕಿನ ಹಿಂದಿನ ಚಕ್ರ ತೆಗೆಸಿ, ಅಡ್ಡಕ್ಕೆ ಆಕ್ಸಲ್ ಕೂರಿಸಿ, ಎರಡು ಚಕ್ರ ಹಾಕಿಸಿದೆ. ಗೇರಿಗೆ ನನ್ನ ಎಡಗಾಲು ಸಾಕು, ಬ್ರೇಕೆಲ್ಲ ಕೈಗೆ ಬಂತು. ಮೊದಲ ದಿನ ಅಂಗಳದಲ್ಲಿ ಒಂದು ಸುತ್ತು ಹೊಡೆದಾಗ ಅತ್ತೇಬಿಟ್ಟೆ. ಯಾರ ಕೈಯನ್ನೂ ಹಿಡಿಯದೆ ಅಷ್ಟು ವೇಗವಾಗಿ ನಾನು ಹುಟ್ಟಿದ ಮೇಲೆ ಚಲಿಸಿರಲಿಲ್ಲ.

ಆದರೆ ರಸ್ತೆಗೆ ಇಳಿದರೆ ಗಾಡಿ ಕುದುರೆಯ ಹಾಗೆ ಹಾರುತ್ತಿತ್ತು, ಜತೆಗೆ ಎಡಕ್ಕೆ ಎಳೆಯುತ್ತಿತ್ತು. ಸಂಜೆಯಾದರೆ ಹ್ಯಾಂಡಲ್ ಹಿಡಿದು ಹಿಡಿದು ತೋಳು ಸೇದುತ್ತಿತ್ತು.

ಅಣ್ಣ ಗಲ್ಫಿನಲ್ಲಿ ಬಹಳ ಕಾಲ ಟ್ರೇಲರ್ ಓಡಿಸಿ ಊರಿಗೆ ಮರಳಿದವನು. ಚಕ್ರವಿರುವ ಯಾವುದೇ ವಸ್ತುವಿನ ಬಗ್ಗೆ ಅವನದೇ ಕೊನೆಯ ಮಾತು. ಒಂದು ದಿನ ನನ್ನ ಹಿಂದೆ ಕಾರಿನಲ್ಲಿ ಬಂದು, ಕೂಳೂರು ಸೇತುವೆಯ ಮೇಲೆ ನಾನು ಅಂಚಿನ ಕಡೆಗೆ ಸರಿಯುವುದನ್ನು ಕಂಡ. ಮನೆಗೆ ಬಂದವನೇ ತೀರ್ಪು ಕೊಟ್ಟ.

"ನೀನು ಓರೆ ಕೂತ್ಕೊಳ್ತಿ, ಅದಕ್ಕೆ ಗಾಡಿ ಎಳಿತದೆ. ನೆಟ್ಟಗೆ ಕೂತ್ಕೊ ಮಾರಾಯ್ತಿ!"

"ಟಯರಿನ ಗಾಳಿಯದ್ದು ಎಂತದೋ ತೊಂದರೆ ಉಂಟು ಅಣ್ಣ."

"ಹೌದೌದು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

ಮರುದಿನ ಹಳೆಯ ಎರಡು ಹಂಚುಗಳನ್ನು ಗೋಣಿಯಲ್ಲಿ ಸುತ್ತಿ ಗಾಡಿಯ ಬಲಬದಿಗೆ ಕಟ್ಟಿದ. ಎಡಕ್ಕೆ ನಾನು, ಬಲಕ್ಕೆ ಹಂಚು, ಲೆಕ್ಕ ಸರಿಯಾಯಿತು ಎಂದು ಅವನ ಅಂದಾಜು. ನಾನು ಗಡಗಡ ಸದ್ದು ಮಾಡಿಕೊಂಡು ಶಾಲೆಗೆ ಹೋದೆ. ಕಾವೂರಿನ ಹಂಪ್ ಹಾರುವಾಗ ಒಂದು ಹಂಚು ಒಡೆಯಿತು. ಇನ್ನೊಂದನ್ನು ನಾನೇ ಬಿಚ್ಚಿ ರಸ್ತೆ ಬದಿಗೆ ಇಟ್ಟೆ.

ಅಣ್ಣನಿಗೆ ಸಿಟ್ಟು ನೆತ್ತಿಗೇರಿತು. "ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಸೇತುವೆಯ ಮೇಲೆ ಮತ್ತೆ ನೋಡುತ್ತೇನೆ, ಗಾಡಿ ಎಡಕ್ಕೆ ಹೋದರೆ ಕೀ ನನ್ನ ಕೈಗೆ, ಸೋಮವಾರದಿಂದ ನಿನಗೆ ರಿಕ್ಷಾ," ಎಂದ. ರಿಕ್ಷಾದವನಿಗೆ ಆಗಲೇ ಹೇಳಿಯೂ ಬಿಟ್ಟಿದ್ದ. ಲಾರಿಗಳ ನಡುವೆ ತಂಗಿಗೆ ಏನಾದರೂ ಆದೀತೆಂಬ ಹೆದರಿಕೆ ಅವನಿಗಿತ್ತು, ನನಗೆ ಗೊತ್ತು. ಆದರೆ ಹೆದರಿಕೆ ಅವನದು, ಬೀಗ ನನಗೆ. ಇದು ಯಾವ ಊರಿನ ನ್ಯಾಯ?

ಬಂಕಿಗೆ ಹೋದೆ. ಗಾಳಿ ಹಾಕುವಾತ ಹಿಂದಿನ ಚಕ್ರ ಎರಡಕ್ಕೂ ಮೂವತ್ತೈದು ಪೌಂಡ್ ತುಂಬಿಸಿ ಪೈಪ್ ಸುತ್ತತೊಡಗಿದ.

"ಮೂವತ್ತೈದು ಯಾಕೆ?" ಎಂದು ಕೇಳಿದೆ.

"ಬೈಕಿಗೆ ಹಿಂದೆ ಅಷ್ಟೇ ಹಾಕುದು ಟೀಚರ್."

ಬೈಕಿನ ಹಿಂದೆ ಒಂದೇ ಚಕ್ರ, ಇಡೀ ಹೊರೆ ಅದರ ಮೇಲೆ. ನನ್ನದರಲ್ಲಿ ಅದೇ ಹೊರೆಯನ್ನು ಎರಡು ಚಕ್ರ ಹಂಚಿಕೊಂಡಿವೆ. ಅರ್ಧ ಹೊರೆಗೆ ಪೂರ್ತಿ ಗಾಳಿ ತುಂಬಿದರೆ ಗಾಡಿ ಹಾರದೆ ಇನ್ನೇನು ಮಾಡೀತು? ಗಾಳಿ ನೋಡುವ ಒಂದು ಗೇಜ್ ಕೊಂಡು ಮನೆಗೆ ಬಂದೆ. ತುಂಬಿಸಲು ಬಂಕ್ ಬೇಕು, ಇಳಿಸಲು ನನ್ನ ಉಗುರು ಸಾಕು.

ಶನಿವಾರ ಮಧ್ಯಾಹ್ನ ಮಕ್ಕಳೆಲ್ಲ ಹೋದ ಮೇಲೆ ಶಾಲೆಯ ಕಾಂಕ್ರೀಟ್ ಅಂಗಳದಲ್ಲಿ ಕೆಲಸ ಶುರು ಮಾಡಿದೆ. ಸೀಮೆಸುಣ್ಣಕ್ಕೆ ನನ್ನ ಚೀಲದಲ್ಲಿ ಯಾವತ್ತೂ ಬರವಿಲ್ಲ. ಹಿಂದಿನ ಎರಡೂ ಟಯರುಗಳ ಮೇಲೆ ಅಡ್ಡಕ್ಕೆ ದಪ್ಪ ಗೆರೆ ಎಳೆದು, ಗಾಡಿಯನ್ನು ಆ ತುದಿಯವರೆಗೆ ಓಡಿಸಿ, ಇಳಿದು ನೋಡಿದೆ. ಎರಡರಲ್ಲೂ ಗೆರೆಯ ನಡುಭಾಗ ಮಾತ್ರ ಅಳಿಸಿತ್ತು. ಅಂದರೆ ಟಯರು ಊದಿಕೊಂಡು ನಡುವಿನಲ್ಲಷ್ಟೇ ನೆಲ ಮುಟ್ಟುತ್ತಿದೆ. ಎರಡನ್ನೂ ಇಪ್ಪತ್ತೆಂಟಕ್ಕೆ ಇಳಿಸಿ, ಗೆರೆ ಹೊಸದಾಗಿ ಎಳೆದು ಓಡಿಸಿದೆ. ಹಾರಾಟ ನಿಂತಿತು, ಎಳೆತ ನಿಲ್ಲಲಿಲ್ಲ. ನೆಲ ಡೊಂಕೇ ಎಂದು ನೋಡಲು ಆ ತುದಿಯಿಂದ ಈ ತುದಿಗೂ ಓಡಿಸಿದೆ. ಹೋಗುವಾಗಲೂ ಎಡಕ್ಕೆ, ಬರುವಾಗಲೂ ಎಡಕ್ಕೆ. ನೆಲದ ತಪ್ಪಲ್ಲ ಎಂದಾಯಿತು.

ಮತ್ತೆ ಬಗ್ಗಿ ನೋಡಿದೆ. ಎಡದ ಗೆರೆ ಉದ್ದಕ್ಕೂ ಸಮನಾಗಿ ಅಳಿಸಿತ್ತು. ಬಲದ್ದು ಇನ್ನೂ ನಡುವಿನಲ್ಲಷ್ಟೇ. ಎಡ ಚಕ್ರದ ಮೇಲೆ ನಾನಿದ್ದೆ, ಬಲ ಚಕ್ರದ ಮೇಲೆ ಹೇಳಿಕೊಳ್ಳುವಂಥ ಯಾರೂ ಇರಲಿಲ್ಲ! ಎರಡಕ್ಕೂ ಸಮ ಗಾಳಿ ಹಾಕಿದರೆ ಹೊರೆ ಹೊತ್ತ ಎಡದ್ದು ಹೆಚ್ಚು ಕುಗ್ಗುತ್ತದೆ, ಕುಗ್ಗಿದ ಕಡೆಗೇ ಗಾಡಿ ಎಳೆಯುತ್ತದೆ. ಬಲದ್ದನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ, ಗೆರೆ ಎಳೆಯುತ್ತ, ಓಡಿಸುತ್ತ ಹೋದೆ. ಇಪ್ಪತ್ತನಾಲ್ಕಕ್ಕೆ ಬಂದಾಗ ಎರಡೂ ಗೆರೆಗಳು ಒಂದೇ ರೀತಿ ಅಳಿಸಿದವು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎನ್ನುತ್ತಾರೆ. ಆ ಎಡವಟ್ಟಿ ನಾನೇ. ಸೀರೆಯ ತುಂಬ ಸೀಮೆಸುಣ್ಣ ಮೆತ್ತಿಕೊಂಡು ಅಂಗಳದಲ್ಲಿ ಒಬ್ಬಳೇ ಗಟ್ಟಿಯಾಗಿ ನಕ್ಕೆ.

ಭಾನುವಾರ ಅಣ್ಣ ಕಾರಿನಲ್ಲಿ ಹಿಂಬಾಲಿಸಿದ. ಸೇತುವೆ ಹತ್ತಿದೆ. ಬಲಗಡೆ ಟ್ಯಾಂಕರೊಂದು ಗುಡುಗುತ್ತ ದಾಟಿತು. ಹ್ಯಾಂಡಲಿನ ಮೇಲೆ ಬೆರಳು ಸಡಿಲಿಸಿದೆ. ಗಾಡಿ ಅಲುಗದೆ ಗೆರೆ ಹಿಡಿದಂತೆ ನೇರ ಹೋಯಿತು. ಸೇತುವೆ ದಾಟಿ ಬದಿಗೆ ನಿಲ್ಲಿಸಿದಾಗ ಅಣ್ಣ ನಗುತ್ತ ಇಳಿದು ಬಂದ.

"ನೋಡಿದ್ಯಾ? ನೆಟ್ಟಗೆ ಕೂತ್ರೆ ಗಾಡಿಯೂ ನೆಟ್ಟಗೆ ಹೋಗ್ತದೆ. ನಾನು ಹೇಳಿದ್ದು ಅದನ್ನೇ."

"ಹಿಂದಿನಿಂದ ನೋಡಿದ್ದು ನೀನಲ್ವಾ ಅಣ್ಣ? ನಾನು ಹೇಗೆ ಕೂತಿದ್ದೆ ಹೇಳು."

ಸುಳ್ಳು ಹೇಳುವವನಲ್ಲ ನಮ್ಮಣ್ಣ.

"ಓರೆಯೇ," ಎಂದ.

ಗೇಜನ್ನು ಅವನ ಕೈಗೆ ಕೊಟ್ಟೆ. ರಸ್ತೆ ಬದಿಯಲ್ಲಿ ಮೊಣಕಾಲೂರಿ ಎಡದ್ದು ನೋಡಿದ, ಬಲದ್ದು ನೋಡಿದ, ನಂಬದೆ ಮತ್ತೆ ಎಡದ್ದು ನೋಡಿದ. ಓಡಿದ ಬಿಸಿಗೆ ಎರಡೂ ತುಸು ಏರಿದ್ದವು, ನಡುವಿನ ಅಂತರ ಮಾತ್ರ ಹಾಗೆಯೇ ಇತ್ತು.

"ಎಂತ ಇದು? ಎರಡೂ ಸಮ ಇಲ್ವಲ್ಲ!"

"ನಾನೂ ಇಲ್ಲ," ಎಂದೆ.

ಕೀ ಗಾಡಿಯಲ್ಲೇ ಇತ್ತು. ತಿರುಗಿಸಿದೆ. ಅವನು ಇನ್ನೂ ಗೇಜ್ ಹಿಡಿದುಕೊಂಡು ನಿಂತಿರುವಾಗಲೇ, ಎಡಕ್ಕೆ ವಾಲಿಕೊಂಡು, ಸುರತ್ಕಲ್ ಕಡೆಗೆ ಹೊರಟೆ.