ಹೆಂಚಿನ ಪುಡಿಯ ಅಮ್ಮಣಿ

ಮೂಡುಬಿದಿರೆಯಿಂದ ತೋಡಾರಿಗೆ ಹೋಗುವ ದಾರಿಯ ಬದಿಯಲ್ಲಿ ಆ ಶಾಲೆ ಕಟ್ಟಲು ಶುರುವಾದದ್ದು ಅರವತ್ತಮೂರರಲ್ಲಿ. ಹತ್ತಿರದ ಕೋರೆಯಲ್ಲಿ ಕೆಂಪುಕಲ್ಲು ಮುಗಿದಿತ್ತು. ಸಿಮೆಂಟು ಪರ್ಮಿಟ್ಟಿನ ಮೇಲೆ ಎಣಿಸಿದಷ್ಟೇ ಚೀಲ ಬರುತ್ತಿತ್ತು. ಮೇಸ್ತ್ರಿ ಲೋಕಯ್ಯ ಒಂದು ಉಪಾಯ ಹೂಡಿದ. ಬಂಟ್ವಾಳದ ಹೆಂಚಿನ ಕಾರ್ಖಾನೆಯ ಒಡಕು ಹೆಂಚನ್ನು ಗಾಡಿಯಲ್ಲಿ ತರಿಸಿ ಪುಡಿ ಮಾಡುವುದು. ನಾಲ್ಕು ಬುಟ್ಟಿ ಸಿಮೆಂಟು ಬೇಕಾದಲ್ಲಿ ಮೂರು ಹಾಕಿ, ನಾಲ್ಕನೆಯದಕ್ಕೆ ಈ ಪುಡಿ ಬೆರೆಸಿ, ಅಚ್ಚಿನಲ್ಲಿ ಕಟ್ಟಡದ ಕಲ್ಲು ಮಾಡುವುದು. ಪುಡಿ ಕುಟ್ಟುವವಳು ಅಮ್ಮಣಿ.

ಒನಕೆ ಹಿಡಿದರೆ ಅಮ್ಮಣಿ ಯಾರ ಮಾತೂ ಕೇಳುವವಳಲ್ಲ. ಕುಟ್ಟಿದ್ದನ್ನು ಹಳೆ ಪಂಚೆಯಲ್ಲಿ ಸೋಸುತ್ತಿದ್ದಳು. ಬೆರಳಿಗೆ ತರಿ ಸಿಕ್ಕಿದರೆ ಮತ್ತೆ ಒರಳಿಗೆ. ಸಂಜೆಗೆ ರೆಪ್ಪೆಯೂ ಕೆಂಪು, ಉಗುಳಿದರೆ ಉಗುಳೂ ಕೆಂಪು.

ಹೆಂಚಿನ ಪುಡಿ ಬೆರೆತ ಕಲ್ಲು ನಿಧಾನಕ್ಕೆ ಗಟ್ಟಿಯಾಗುತ್ತದೆ. ತಿಂಗಳಾದರೂ ಒದ್ದೆ ಗೋಣಿ ಹೊದಿಸಿಡಬೇಕು. ಕಟ್ಟಡ ಸಮಿತಿಯ ಅಧ್ಯಕ್ಷ ರುಕ್ಮಯ್ಯನವರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಎಂಟನೆಯ ದಿನವೇ ಬಂದು ಒಂದು ಕಲ್ಲನ್ನು ಎತ್ತಿ ನೆಲಕ್ಕೆ ಹಾಕಿದರು. ಎರಡು ತುಂಡಾಯಿತು. ಇದೇನೆಂದು ಕೇಳಿದರೆ ಎಲ್ಲ ಗೊತ್ತಿದ್ದ ಲೋಕಯ್ಯ, ಆ ಪುಕ್ಕಲ, ಪುಡಿಯಲ್ಲಿ ಏನಾದರೂ ಐಬಿರಬಹುದು ಎಂದುಬಿಟ್ಟ.

"ಕೆಮ್ಮಣ್ಣು ಬೆರೆಸಿದ್ದಾಳೆ ಇವಳು" ಎಂದರು ರುಕ್ಮಯ್ಯ, ತುಳುವಿನಲ್ಲಿ, ಇಪ್ಪತ್ತು ಆಳುಗಳ ಎದುರು. "ಮಕ್ಕಳ ತಲೆಯ ಮೇಲೆ ಗೋಡೆ ಬೀಳಿಸಲಿಕ್ಕೆ ಹೊರಟ ಕಳ್ಳಿ."

ಕಲ್ಲುಗಳನ್ನೆಲ್ಲ ಪಕ್ಕದ ತೋಡಿನ ನೀರಿಗೆ ಎಸೆಸಿದರು. ಕಳ್ಳಿ ಎಂಬ ಹೆಸರು ಪುತ್ತಿಗೆಯವರೆಗೂ ಹೋಯಿತು. ಅಕ್ಕಿ ಕುಟ್ಟಲು ಕರೆಯುತ್ತಿದ್ದ ಮನೆಗಳೂ ಕರೆಯುವುದನ್ನು ಬಿಟ್ಟವು. ಅಕ್ಕಿಗೂ ಏನಾದರೂ ಬೆರೆಸಿದರೆ ಎಂಬ ಭಯವಂತೆ! ಬಡವಿಯ ಕೆಲಸಕ್ಕೆ ಸಾಕ್ಷಿ ಬೇಕು, ಧಣಿಗಳ ಬಾಯಿಗೆ ಬೇಡ. ಈ ನ್ಯಾಯಕ್ಕೆ ಬೆಂಕಿ ಬೀಳಲಿ.

ಮಳೆಗಾಲ ಕಳೆಯಿತು. ಸಿಮೆಂಟು ಮುಗಿದು, ಬೇರೆ ಪರ್ಮಿಟ್ಟು ಸಿಗದೆ, ಗೋಡೆ ಸೊಂಟದೆತ್ತರಕ್ಕೆ ನಿಂತುಹೋಗಿತ್ತು. ಅತ್ತ ತೋಡಿನ ನೀರು ಇಳಿದಾಗ ಹೆಂಗಸರು ಅದೇ ಕಲ್ಲುಗಳ ಮೇಲೆ ಬಟ್ಟೆ ಬಡಿಯುತ್ತಿದ್ದರು. ಲೋಕಯ್ಯ ಒಂದನ್ನು ಎತ್ತಿ ಸುತ್ತಿಗೆಯಿಂದ ಹೊಡೆದ, ಚೂರೂ ಏಳಲಿಲ್ಲ. ಬಿಸಾಡಿದವರೇ ತಿಳಿಯದೆ ನಾಲ್ಕು ತಿಂಗಳು ಅದಕ್ಕೆ ನೀರುಣಿಸಿದ್ದರು.

ತೋಡಿನ ಕಲ್ಲಷ್ಟೇ ಗೋಡೆಗೆ ಸಾಲದು, ಕೊನೆಗೂ ಪರ್ಮಿಟ್ಟಿನಲ್ಲಿ ಬಂದ ಕೆಲವೇ ಚೀಲ ಸಿಮೆಂಟಿಗೆ ಪುಡಿ ಬೆರೆಸಿ ಇನ್ನೂ ಕಲ್ಲು ಮಾಡಬೇಕಿತ್ತು. ಸೋಮವಾರದಿಂದ ಕುಟ್ಟಲಿಕ್ಕೆ ಬಾ ಎಂದು ಅಮ್ಮಣಿಗೆ ಕರೆ ಹೋಯಿತು. ಬಂದಳು, ಒನಕೆ ಮುಟ್ಟಲಿಲ್ಲ. ಕಳ್ಳಿ ಎಂದದ್ದು ತಪ್ಪಾಯಿತೆಂದು ಧಣಿಗಳು ಎಲ್ಲರ ಎದುರು ಹೇಳಬೇಕು, ಆಮೇಲೆ ಕೆಲಸ ಎಂದಳು. ಮನೆಯಲ್ಲಿ ಎರಡು ದಿನದಿಂದ ಒಲೆ ಹೊತ್ತಿರಲಿಲ್ಲ, ಆದರೂ ಹಾಗೆಂದಳು.

ಅವಳಷ್ಟು ನಯವಾಗಿ ಕುಟ್ಟುವವರು ಬೇರೆ ಇರಲಿಲ್ಲ. ರುಕ್ಮಯ್ಯ ಆಳುಗಳ ಎದುರು ನಿಂತು, ಗಂಟಲು ಸರಿಮಾಡಿಕೊಂಡು, ಸಭೆಗಳಲ್ಲಿ ಆಡುವ ಪುಸ್ತಕದ ಕನ್ನಡದಲ್ಲಿ ಶುರು ಮಾಡಿದರು: "ಅಮ್ಮಣಿಯ ಪರಿಶ್ರಮದ ವಿಷಯದಲ್ಲಿ ನಮ್ಮಿಂದ ಒಂದು ಅಚಾತುರ್ಯ ಸಂಭವಿಸಿದೆ..." ಆಳುಗಳು ಮುಖ ಮುಖ ನೋಡಿಕೊಂಡರು. ಅದು ಹೊಗಳಿಕೆಯೋ ಬೈಗುಳವೋ ಅರ್ಧ ಜನಕ್ಕೆ ತಿಳಿಯಲಿಲ್ಲ.

ಅಮ್ಮಣಿ ನಡುವೆಯೇ ತಡೆದಳು.

"ಬೈದದ್ದು ತುಳುವಿನಲ್ಲಿ ಧಣಿಗಳೇ. ಇದನ್ನೂ ತುಳುವಿನಲ್ಲೇ ಹೇಳಿ."