ಯರಗಟ್ಟಿಯಲ್ಲಿ ಬಿಟ್ಟಿಳಿದ ಬುತ್ತಿ

ಬೈಲಹೊಂಗಲ ನಿಲ್ದಾಣದಲ್ಲಿ ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ರಾಮದುರ್ಗದಲ್ಲಿ ನಮ್ಮ ಮಗಳು ಸವಿತಾಳ ಕುಬಸ. ಚೊಚ್ಚಲ ಬಸುರಿಗೆ ತವರಿನ ಬುತ್ತಿ ಒಯ್ಯಬೇಕಲ್ಲ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಕಡಕ್ ರೊಟ್ಟಿ ತುಂಬಿದ ಬುಟ್ಟಿಯನ್ನು ನಮ್ಮ ಮನೆಯವರ ಕಾಲ ಬಳಿ ಇಟ್ಟೆ. ಬಸ್ಸಿನಲ್ಲಿ ನನಗೆ ಪುಕ್ಕಟೆ, ಅವರಿಗೆ ಟಿಕೆಟ್ಟು. ಬೇರೆ ದಿನವಾಗಿದ್ದರೆ ಇದೇ ಮಾತಿಗೆ, ಬಸ್ಸು ಬದಲಿಸುವ ಯರಗಟ್ಟಿಯವರೆಗೂ ಕಾಡಿಸುತ್ತಿದ್ದೆ. ಅಂದು ಮನಸ್ಸು ಬರಲಿಲ್ಲ. ಅಳಿಯ ಸೈನ್ಯದಲ್ಲಿ, ಗಡಿಯಲ್ಲಿದ್ದ. ಉಗ್ರರು ಅಮಾಯಕರನ್ನು ಕೊಂದದ್ದಕ್ಕೆ ನಮ್ಮವರು ತಿರುಗಿ ಹೊಡೆಯಲು ಶುರುಮಾಡಿದಂದಿನಿಂದ ಅವನ ಫೋನು ಸಿಗುತ್ತಿರಲಿಲ್ಲ.

ಪಕ್ಕದ ಸೀಟಿನಲ್ಲಿ ಹೂಲಿಗೆ ಹೊರಟ ನಿವೃತ್ತ ಮಾಸ್ತರರೊಬ್ಬರು ಕುಳಿತಿದ್ದರು. ಊರಕೇರಿಯ ಸುದ್ದಿಯಿಂದ ಶುರುವಾದ ಮಾತು ಯುದ್ಧಕ್ಕೆ ಬಂತು.

"ಹೊಡೀಲೇಬೇಕ್ರಿ ಮಾಸ್ತರ," ಅಂದರು ನಮ್ಮವರು. "ಸುಮ್ಮ ಕುಂತ್ರ ನಾಳಿ ಮತ್ತ ಬರ್ತಾರ."

"ನಾವು ಹೊಡದ್ರ ಅವರೂ ಹೊಡೀತಾರ. ಕಡೀಕ ಕುಂತ ಮಾತಾಡಾಕ ಬೇಕಲ್ರಿ? ಅದನ್ನ ಈಗ ಮಾಡ್ರಿ. ನಾಕ ದೇಶದವರನ್ನ ಕೂಡಿಸಿ, ಆ ಉಗ್ರರಿಗೆ ರೊಕ್ಕ ಬರೂ ದಾರಿ ಬಂದ್ ಮಾಡಸ್ರಿ."

"ಇಷ್ಟ ವರ್ಷ ಮಾತಾಡಿ ಏನ್ ಕಿಸದೇವ್ರಿ?"

ಅರ್ಧ ಬಸ್ಸು ಆ ಕಡೆ, ಅರ್ಧ ಈ ಕಡೆ. ಯರಗಟ್ಟಿ ಬರುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ.

"ಸಾಕ ಮಾಡ್ರಿ ಇನ್ನ! ಹೊಡಿಯಾಕ ಹೋದಾಂವ ನಮ್ಮ ಅಳಿಯಾ ಅದಾನ!"

ಮಾಸ್ತರರು ಕೈಮುಗಿದರು. ನಾಚಿಕೆಗೋ ಸಿಟ್ಟಿಗೋ ನಾವಿಬ್ಬರೂ ಗಡಿಬಿಡಿಯಲ್ಲಿ ಇಳಿದುಬಿಟ್ಟೆವು. ರಾಮದುರ್ಗದ ಬಸ್ಸು ಹುಡುಕುವಾಗ ನೋಡಿದರೆ ಬುತ್ತಿಯೇ ಇಲ್ಲ!

ಅಯ್ಯೋ ಶಿವನೇ ಅಂತ ತಿರುಗಿದರೆ, ಸವದತ್ತಿಗೆ ಹೊರಟಿದ್ದ ಆ ಬಸ್ಸು ಗಕ್ಕನೆ ನಿಂತಿತು. ಬುಟ್ಟಿ ಹೆಗಲ ಮೇಲೆ ಹೊತ್ತು ಮಾಸ್ತರರು ಇಳಿದು ಬಂದರು. ಇನ್ನೊಂದು ಕೈಯಲ್ಲಿ ಮೊಬೈಲು.

"ಬುತ್ತಿ ಬಿಟ್ಟ ಹೊಂಟೀರಲ್ರೀ ತಂಗಿ! ಇಲ್ಲಿ ನೋಡ್ರಿ, ಎರಡೂ ಕಡೆ ಗುಂಡು ನಿಂತಾವಂತ. ಈಗ ಸುದ್ದಿ ಬಂತು."

"ಖರೇನ?" ಅಂದರು ನಮ್ಮವರು.

"ಖರೇರೀ."

ಬುತ್ತಿಯನ್ನು ಮಗಳ ಮನೆ ಮುಟ್ಟುವ ಮೊದಲು ಬಿಚ್ಚಬಾರದು. ನಾನು ಅಲ್ಲೇ, ನಿಲ್ದಾಣದಲ್ಲೇ ಬಿಚ್ಚಿದೆ. ಬೇಡವೆಂದರೂ ಮಾಸ್ತರರ ಕೈಗೆ ಹೋಳಿಗೆ ಇಟ್ಟೆ. ಕಂಡಕ್ಟರ್ ಸೀಟಿ ಊದುತ್ತಲೇ ಇದ್ದ.

ರಾಮದುರ್ಗದಲ್ಲಿ ಸವಿತಾ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕುಳಿತಳು. ಬಳೆ ತೊಟ್ಟಳು, ನಗಲಿಲ್ಲ. ಗುಂಡು ನಿಂತದ್ದೇನೋ ಸರಿ, ಅವನ ದನಿ ಕೇಳಬೇಕಲ್ಲ. ಆರತಿ ಎತ್ತುವಾಗ ಫೋನು ರಿಂಗಾಯಿತು. ಅವನೇ! ಆರತಿ ತಟ್ಟೆ ಹಿಡಿದವರು ಹಾಗೇ ನಿಂತರು. ಸವಿತಾ ಅತ್ತಳು, ನಕ್ಕಳು, ಮಾತಾಡಿ ಫೋನನ್ನು ಅಪ್ಪನ ಕೈಗೆ ಕೊಟ್ಟಳು. ಬಸ್ಸಿನಲ್ಲಿ ಅಷ್ಟೆಲ್ಲ ಯುದ್ಧ ಹೂಡಿದವರು ಈಗಲಾದರೂ ಏನಾದರೂ ಕೇಳುತ್ತಾರೆ ಅಂದುಕೊಂಡೆ.

"ಊಟಾತೇನಪಾ?" ಅಂದರು. ಅಷ್ಟೇ ಕೇಳಿ ಫೋನನ್ನು ನನ್ನ ಕೈಗಿತ್ತರು. ನನ್ನ ಎದೆಯ ಮೇಲಿನ ಕಲ್ಲು ಇಳಿದದ್ದು ಆಗಲೇ.

ಮರುದಿನ ಮಗಳನ್ನು ಹೆರಿಗೆಗೆ ತವರಿಗೆ ಕರೆದುಕೊಂಡು ಹೊರಟೆವು. ಬಸ್ಸಿನಲ್ಲಿ ಮತ್ತೆ ಅದೇ ವಾದ. ಮುಂದಿನ ಸೀಟಿನವನೊಬ್ಬ ನಮ್ಮವರ ಕಡೆ ತಿರುಗಿದ. "ನಿಲ್ಲಸಬಾರದಿತ್ತು ನೋಡ್ರಿ. ನೀವೇನಂತೀರಿ ಕಾಕಾ?"

ಅವರು ಖಾಲಿ ಬುಟ್ಟಿಯನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

"ಮಗಳು ಹಡಿಯೂದ್ರಾಗ ನಮ್ಮ ಅಳಿಯಾ ರಜಾ ಹಾಕಿ ಬರ್ತಾನ್ರಿ," ಅಂದರು.