ತಿದ್ದುಪಡಿ ಅಂಟಿಸಿದವನ ಮನೆಯಲ್ಲಿ

ಸಂವಿಧಾನವನ್ನು ನಾನು ಓದಿದ್ದಕ್ಕಿಂತ ಅಂಟಿಸಿದ್ದೇ ಹೆಚ್ಚು. ಕುಂದಾಪುರದಲ್ಲಿ ಒಬ್ಬ ವಕೀಲರ ಕಚೇರಿಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಗುಮಾಸ್ತನಾಗಿದ್ದವನು ನಾನು. ಕಾನೂನಿನ ಪುಸ್ತಕಗಳಿಗೆ ಆಗ ಬೆಲೆ ಜಾಸ್ತಿ. ತಿದ್ದುಪಡಿಯಾದಾಗಲೆಲ್ಲ ಹೊಸ ಪುಸ್ತಕ ತರಿಸುವ ಬದಲು, ಬದಲಾದ ಭಾಗವನ್ನಷ್ಟೇ ಅಚ್ಚು ಹಾಕಿದ ತೆಳು ಚೀಟಿಗಳು ಅಂಚೆಯಲ್ಲಿ ಬರುತ್ತಿದ್ದವು. ಅವನ್ನು ಕತ್ತರಿಸಿ, ಸರಿಯಾದ ಪುಟ ಹುಡುಕಿ, ಹಳೆಯ ಸಾಲುಗಳ ಮೇಲೆ ಅಂಟಿಸುವುದು ನನ್ನ ಕೆಲಸ. ಮೈದಾ ಹಿಟ್ಟನ್ನು ನೀರಲ್ಲಿ ಕುದಿಸಿ, ಜಿರಳೆ ತಿನ್ನದಿರಲೆಂದು ಚಿಟಿಕೆ ಮೈಲುತುತ್ತು ಹಾಕಿ ನಾನೇ ಅಂಟು ಮಾಡುತ್ತಿದ್ದೆ. ಆಷಾಢದಲ್ಲಿ ಮಾತ್ರ ಆ ಅಂಟು ಒಣಗಲು ನಾಲ್ಕು ದಿನ ಬೇಕಾಗುತ್ತಿತ್ತು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಚೀಟಿಯ ಬೆನ್ನಿಗೆಲ್ಲ ಅಂಟು ಬಳಿದು ಗಟ್ಟಿಯಾಗಿ ಒತ್ತಿದ್ದೆ. ವಕೀಲರು ನೋಡಿ ತಲೆ ಚಚ್ಚಿಕೊಂಡರು.

"ಒಂದ್ ಅಂಚಿಗೆ ಮಾತ್ರ ಅಂಟ್ ಹಚ್ಚ್ ಮಾರಾಯ. ಅಡಿಗಿದ್ದದ್ದ್ ಸತ್ತಿಲ್ಲೆ. ಹಿಂದಿನ ಜಗ್ಳಕ್ಕೆ ಹಿಂದಿನ ಕಾನೂನ್ ಬೇಕಾತ್ತ್. ಎತ್ತಿ ಕಾಂಬ ಹಾಂಗೆ ಇರ್ಕ್."

ಅಂದಿನಿಂದ ಒಂದು ಅಂಚಿಗೆ ಮಾತ್ರ. ನಮ್ಮ ಕಚೇರಿಯ ಸಂವಿಧಾನದ ಪ್ರತಿಯನ್ನು ಬಿಡಿಸಿದರೆ ಪುಟದೊಳಗೆ ಸಣ್ಣ ಸಣ್ಣ ಕದಗಳು. ನನಗಿಂತ ಹಿಂದಿನ ಗುಮಾಸ್ತರು ಅಂಟಿಸಿದ ನಲವತ್ತೆರಡನೆಯ ತಿದ್ದುಪಡಿ ತುರ್ತುಪರಿಸ್ಥಿತಿಯ ಕಾಲದ್ದು, ಎಷ್ಟು ಉದ್ದವೆಂದರೆ ಪುಸ್ತಕದ ಹೊಟ್ಟೆ ಅದರಿಂದಲೇ ಉಬ್ಬಿತ್ತು. ಅದರಲ್ಲಿ ಎಷ್ಟೋ ಕಡೆ ಮೇಲಿಂದ ನಲವತ್ನಾಲ್ಕನೆಯದು ಕೂತಿತ್ತು. ಹೆದ್ದಾರಿ ಅಗಲ ಮಾಡುವಾಗ ಅಂಗಡಿ, ಅಂಗಳ ಕಳೆದುಕೊಂಡವರು ಬಂದು, "ನಮ್ಮ ಜಾಗ ನಮ್ಮ ಮೂಲಭೂತ ಹಕ್ಕ್ ಅಲ್ದಾ?" ಎಂದು ಕೇಳಿದರೆ, ನಾನು ಆ ಚೀಟಿ ಎತ್ತಿ ತೋರಿಸುತ್ತಿದ್ದೆ. ಒಂದು ಕಾಲಕ್ಕೆ ಹೌದಾಗಿತ್ತು, ಈಗ ಅದು ಬರೀ ಕಾನೂನಿನ ಹಕ್ಕು. ಪರಿಹಾರ ಕೇಳಬಹುದು, ಬೇಡವೆಂದು ಹಟ ಹಿಡಿಯುವುದು ಕಷ್ಟ. ಮೊದಲನೆಯ ತಿದ್ದುಪಡಿ ಬಂದದ್ದು ಸಂವಿಧಾನಕ್ಕೆ ಒಂದೂವರೆ ವರ್ಷವಾಗುವಾಗ. ಭೂಸುಧಾರಣೆಯ ಕಾನೂನುಗಳನ್ನು ಕೋರ್ಟು ಮುಟ್ಟದ ಹಾಗೆ ಕಾಪಾಡಲು ಒಂಬತ್ತನೆಯ ಅನುಸೂಚಿ ಶುರುವಾದದ್ದು ಅದರಿಂದಲೇ. ನನ್ನ ಅಪ್ಪಯ್ಯ ಗೇಣಿಗೆ ಮಾಡುತ್ತಿದ್ದ ಗದ್ದೆ ನಮ್ಮದಾದದ್ದಕ್ಕೆ ಬೇರು ಅಲ್ಲಿದೆ. ಆ ಪುಟ ಬಂದಾಗಲೆಲ್ಲ ನಾನು ಒಂದು ಕ್ಷಣ ಕೈ ಇಟ್ಟು ಮುಂದೆ ಹೋಗುತ್ತಿದ್ದೆ.

ನನ್ನ ಕೈಯಿಂದ ಅಂಟಿದ ಮೊದಲನೆಯದು ಅರವತ್ತೊಂದನೆಯದು. ಮತ ಹಾಕುವ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿದದ್ದು. ನನಗೆ ಆಗ ಇಪ್ಪತ್ತು. ನನ್ನನ್ನು ಮತದಾರನಾಗಿ ಮಾಡುವ ಕಾಗದಕ್ಕೆ ನಾನೇ ಅಂಟು ಹಚ್ಚಿದೆ. ಆ ಜಂಬ ತಲೆಯಿಂದ ಎಂದೂ ಇಳಿಯಲಿಲ್ಲ. ಬಾರ್ಕೂರು ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ವಿಧಿ, ಅನುಚ್ಛೇದ ಎಂದು ಶುರು ಮಾಡಿದರೆ ಪಾಪ, ಅವರು ಇಳಿಯುವ ಜಾಗಕ್ಕಿಂತ ಮೊದಲೇ ಎದ್ದು ನಿಲ್ಲುತ್ತಿದ್ದರು.

ಎಪ್ಪತ್ಮೂರನೆಯದು ಬಂದಾಗ ಅಂಟಿಸಲು ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಪಂಚಾಯತಿಗಳ ಕುರಿತ ಹೊಸ ಭಾಗ, ಹೊಸ ಅನುಸೂಚಿ. ಮೂರರಲ್ಲೊಂದು ಸ್ಥಾನ ಹೆಂಗಸರಿಗೆ, ಅಧ್ಯಕ್ಷ ಸ್ಥಾನವೂ ಹಾಗೆಯೇ. ನಮ್ಮ ರಾಜ್ಯದಲ್ಲಿ ಆಮೇಲೆ ಅದು ಅರ್ಧಕ್ಕೆ ಏರಿತು. ಚೀಟಿಯನ್ನು ಒಂದಿಷ್ಟೂ ಸುಕ್ಕಾಗದ ಹಾಗೆ ಅಂಟಿಸಿದೆ. ನನ್ನ ಮನೆಗೂ ಅದಕ್ಕೂ ಸಂಬಂಧವಿದೆ ಎಂದು ಆಗ ಹೊಳೆಯಲಿಲ್ಲ, ಮದುವೆಯೂ ಆಗಿರಲಿಲ್ಲ.

ಮದುವೆಯಾದದ್ದು ಬೈಂದೂರಿನಿಂದ ಒಳಗೆ, ಘಟ್ಟದ ಬುಡದ ಊರಿನವಳನ್ನು. ಮಾತು ಕಡಿಮೆ. ಏಳನೇ ತರಗತಿಯವರೆಗೆ ಓದಿದ್ದಾಳೆ ಎಂದು ಅವಳ ಮನೆಯವರು ಹೇಳಿದ್ದರು. ಓದು ತಲೆಗೆ ಹತ್ತಲಿಲ್ಲವೇನೋ ಎಂದು ನಾನೇ ತೀರ್ಮಾನಿಸಿದೆ, ಮಕ್ಕಳ ಎದುರು ತಮಾಷೆಗೆ ಅದನ್ನೇ ಹೇಳಿ ನಗಿಸಿದೆ. ಅವಳೂ ನಗುತ್ತಿದ್ದಳು.

ವಕೀಲರು ತೀರಿಕೊಂಡ ಮೇಲೆ ಕಚೇರಿ ಮುಚ್ಚಿತು. ಈಗ ತಿದ್ದುಪಡಿಗಳೆಲ್ಲ ಫೋನಿನೊಳಗೇ ತಾವಾಗಿ ಕೂತುಕೊಳ್ಳುತ್ತವೆ. ಶಾಸನಸಭೆ, ಸಂಸತ್ತಿನಲ್ಲಿ ಹೆಂಗಸರಿಗೆ ಮೀಸಲು ತರುವ ನೂರಾ ಆರನೆಯದಕ್ಕೆ ಅಂಟು ಹಚ್ಚುವ ಯೋಗ ನನಗಿರಲಿಲ್ಲ. ಕಚೇರಿ ಮುಚ್ಚಿದ ಹೊಸತರಲ್ಲಿ ಮನೆಯಲ್ಲಿ ಕೂತು ಬೇಸರವಾಗಿತ್ತು. ಅಷ್ಟರಲ್ಲಿ ಪಂಚಾಯತಿ ಚುನಾವಣೆಗೆ ನಮ್ಮ ವಾರ್ಡು ಮಹಿಳೆಗೆ ಮೀಸಲಾಯಿತು. ಊರಿನವರು ಬಂದು ಕೇಳಿದ್ದು ಅವಳನ್ನು, ಹೂಂ ಎಂದವನು ನಾನು. ಗೆದ್ದಳು. ಕೊನೆಗೆ ಅಧ್ಯಕ್ಷ ಸ್ಥಾನವೂ ಮೀಸಲಿನ ಲೆಕ್ಕದಲ್ಲಿ ಅವಳಿಗೇ ಬಂತು.

ಮೊದಲ ಸಭೆಯ ಬೆಳಿಗ್ಗೆ ನಾನು ಕಕ್ಷಿಗಾರರಿಗೆ ಹೇಳುತ್ತಿದ್ದ ಪಾಠವನ್ನೇ ಅವಳಿಗೂ ಹೇಳಿದೆ. ಮೂವತ್ತು ವರ್ಷ ಕೋರ್ಟಿನ ಜಗಲಿಯಲ್ಲಿ ನಿಂತವನಿಗೆ ಬೇರೆ ಪಾಠ ಗೊತ್ತಿರಲಿಲ್ಲ.

"ಕಾಣ್, ಕಕ್ಷಿಗಾರ್ ಬಾಯಿ ಬಿಟ್ರೆ ಕೇಸ್ ಹೋಯ್ತ್. ನೀ ಸುಮ್ಮನೆ ಕೂಕೊ. ಮಾತ್ ನಾ ಆಡ್ತೆ."

"ಹಾಂಗಾರೆ ನಾ ಎಂತಕ್ ಬಪ್ಪುದ್?" ಎಂದಳು.

"ಸಹಿ ಹಾಕುಕೆ."

ಅವಳು ಸೆರಗು ಸರಿಮಾಡಿಕೊಂಡು ಹೊರಟಳು. ಪಂಚಾಯತಿಯಲ್ಲಿ ಅವಳ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಹಾಕಿಸಿದೆ. ಯಾರು ಏನು ಕೇಳಿದರೂ ಉತ್ತರ ನನ್ನದು. ಅವಳ ಫೋನು ನನ್ನ ಕಿಸೆಯಲ್ಲಿ. ಪೇಟೆಯಲ್ಲಿ ಕೆಲವರು ನನ್ನನ್ನೇ "ಅಧ್ಯಕ್ಷ್ರೆ" ಎಂದು ಕರೆಯತೊಡಗಿದರು. ತಿದ್ದಬೇಕಿತ್ತು. ತಿದ್ದಲಿಲ್ಲ, ಸುಖವಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಒಂದು ವರ್ಷದಲ್ಲಿ ಅವಳು ನನ್ನಲ್ಲಿ ಕೇಳಿದ್ದು ಒಂದೇ ಕೆಲಸ. ಫಾಲ್ಗುಣದ ಬಿಸಿಲಿನಲ್ಲಿ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಾ ಹೇಳಿದಳು.

"ಹ್ವಾಯ್, ನಮ್ಮೂರ್ ಮೂಡ್ ಬದಿ ತ್ವಾಡಿನ ಸಂಕ ಕಂಡಿರ್ಯಾ? ಎರಡ್ ಅಡ್ಕಿ ಮರ, ಹಿಡ್ಕಂಬುಕೆ ಒಂದ್ ಬಿದ್ರ್. ಒಂಬತ್ ಮಕ್ಕಳ್ ಅದ್ರ ಮೇಲೇ ಶಾಲಿಗೆ ಹೋಪುದ್. ಬಪ್ಪ ಮಳ್ಗಾಲದೊಳ್ಗೆ ಅಲ್ಲೊಂದ್ ಗಟ್ಟಿ ಕಾಲ್ಸಂಕ ಆಯ್ಕ್. ಒಂದ್ ಅರ್ಜಿ ಬರ್ದ್ ಕೊಡಿ."

ನಮ್ಮ ಸೀಮೆಯಲ್ಲಿ ತೋಡಿಗೆ, ಅಂದರೆ ಹಳ್ಳಕ್ಕೆ, ಅಡ್ಡ ಹಾಕಿದ ಮರದ ಕಾಲುಸಂಕ ಯಾರೂ ನೋಡದ ವಸ್ತುವಲ್ಲ. ಹುಟ್ಟಿದಂದಿನಿಂದ ದಾಟುತ್ತೇವೆ. ಅದಕ್ಕೇ ಇರಬೇಕು, ನನಗೆ ಅದು ಕೆಲಸ ಎಂದೇ ಅನ್ನಿಸಲಿಲ್ಲ.

"ಸಂಕ ಸಣ್ಣ ಕೆಲ್ಸ, ನಾಲ್ಕ್ ಮನಿಯದ್ದ್," ಎಂದೆ. "ಮೊದ್ಲ್ ದೇವಸ್ಥಾನದ್ ರಸ್ತಿಗೆ ಡಾಂಬರ್ ಹಾಕ್ಸುವ. ಊರೆಲ್ಲ ಕಾಂತ್ರ್, ನಿನ್ನ್ ಹೆಸ್ರ್ ಉಳಿತ್ತ್."

ಆ ವರ್ಷದ ಕ್ರಿಯಾಯೋಜನೆಯಲ್ಲಿ ಹಣ ಎರಡರಲ್ಲಿ ಒಂದಕ್ಕೆ ಮಾತ್ರ ಸಾಕಾಗುವಷ್ಟಿತ್ತು. ರಸ್ತೆಗೆಂದು ಮೂರು ಪುಟದ ಮನವಿ ಬರೆದೆ. ನನ್ನ ಜೀವಮಾನದಲ್ಲಿ ಅಷ್ಟು ಚಂದದ ಮನವಿ ಬರೆದಿರಲಿಲ್ಲ. ಸಹಿಗೆ ಕೊಟ್ಟರೆ ಅವಳು "ಕಾಂಬ" ಎಂದು ಮಡಚಿ ಅಕ್ಕಿ ಡಬ್ಬದ ಅಡಿಗೆ ಇಟ್ಟಳು. ಮೂರು ವಾರ ಅಲ್ಲೇ ಇತ್ತು. ಗ್ರಾಮಸಭೆಯ ದಿನ ಹಾಕಿಯಾಳು ಎಂದು ನಾನೂ ಬಿಟ್ಟೆ.

ಗ್ರಾಮಸಭೆ ಶಾಲೆಯ ಹಾಲ್‌ನಲ್ಲಿ. ಪಂಚಾಯತಿಗೆ ಹೊಸದಾಗಿ ಬಂದ ಅಭಿವೃದ್ಧಿ ಅಧಿಕಾರಿ ನನ್ನ ಮಗಳ ವಯಸ್ಸಿನ ಹೆಣ್ಣು. ಎಂದಿನಂತೆ ನಾನು ವೇದಿಕೆಯ ಮೇಲೆ ಹೆಂಡತಿಯ ಪಕ್ಕ ಕೂತೆ. ತೋಡಿನಾಚೆ ಮನೆಯ ಒಬ್ಬ ಮುದುಕರು ಎದ್ದು, ನನ್ನ ಮುಖ ನೋಡಿ, "ನಮ್ಮ್ ಸಂಕದ್ ಕತಿ ಎಂತ ಆಯ್ತ್?" ಎಂದು ಕೇಳಿದರು. ನಾನು ಗಂಟಲು ಸರಿಮಾಡಿಕೊಂಡು ಎದ್ದೆ.

"ನೀವು ಸಭೆಯೊಟ್ಟಿಗೆ ಕೂತ್ಕಣಿ ಸರ್," ಎಂದಳು ಆ ಅಧಿಕಾರಿ, ನಿಧಾನವಾಗಿ. "ಉತ್ತರ ಅಧ್ಯಕ್ಷರು ಹೇಳ್ತ್ರ್."

ನನಗೆ ಸಿಟ್ಟು ನೆತ್ತಿಗೇರಿತು. ಪಂಚಾಯತಿ ಭಾಗದ ಪ್ರತಿ ಸಾಲನ್ನೂ ನನ್ನ ಕೈಯಿಂದ ಅಂಟಿಸಿದ್ದೇನೆ, ಇನ್ನೂರ ನಲವತ್ಮೂರನೆಯ ವಿಧಿ ಏನು ಹೇಳುತ್ತದೆಂದು ನನಗೆ ಗೊತ್ತು ಎಂದೆ.

"ಗೊತ್ತಿದ್ದವ್ರಲ್ದಾ ಸರ್. ಅದ್ರ ಪ್ರಕಾರವೇ ಹೇಳ್ದೆ."

ಹಾಲ್ ನಕ್ಕಿತು. ನಾನು ಹೆಂಡತಿಯ ಕಡೆ ನೋಡಿದೆ. ಅವಳು ಮೇಜಿನ ಮೇಲಿನ ನೀರಿನ ಬಾಟಲಿಯನ್ನು ನೋಡುತ್ತಿದ್ದಳು. ಇಳಿದು ಹೋಗಿ ಕೊನೆಯ ಸಾಲಿನ ಮಕ್ಕಳ ಬೆಂಚಿನಲ್ಲಿ ಕೂತೆ. ಮೊಣಕಾಲು ಎದೆಗೆ ತಾಗುತ್ತಿತ್ತು.

ಅವಳು ಎದ್ದಳು. ನೀರಿನ ಬಾಟಲಿಯನ್ನು ಬದಿಗೆ ಸರಿಸಿದಳು. ನನ್ನ ಸಿಟ್ಟೆಲ್ಲ ಹೋಗಿ ಭಯ ಶುರುವಾಯಿತು. ಇಷ್ಟು ಜನರ ಎದುರು ಒಮ್ಮೆಯೂ ಮಾತಾಡದವಳು, ನಾನೇ ಮಾತಾಡಲು ಬಿಡದವಳು. ಎದ್ದು ಓಡಿ ಹೋಗಿ ಪಕ್ಕದಲ್ಲಿ ನಿಲ್ಲಬೇಕೆನಿಸಿತು.

"ಈ ಸಂಕದ್ ವಿಷ್ಯ ನಂಗ್ ಯಾರೂ ಬರ್ದ್ ಕೊಡ್ಲಿಲ್ಲೆ," ಎಂದಳು. ಧ್ವನಿ ಸಣ್ಣದು, ಆದರೆ ಹಿಂದಿನ ಸಾಲಿಗೂ ಕೇಳಿತು. "ಬೈಂದೂರ್ ಬದಿಯಲ್ ನನ್ನ್ ಅಪ್ಪನ ಮನಿ ಎದ್ರೂ ಇಂಥದ್ದೇ ತ್ವಾಡ್. ಹೈಸ್ಕೂಲ್ ಆಚಿ ಬದಿ. ನಾ ಎಂಟ್ನೇ ಕ್ಲಾಸಿಗೆ ಹದ್ನೇಳ್ ದಿನ ಹೋಯಿದ್ದೆ. ಹದ್ನೆಂಟ್ನೇ ದಿನ ಬೆಳಿಗ್ಗೆ ಕಂಡ್ರೆ ಸಂಕ ಇಲ್ಲೆ, ಕೊಚ್ಕಂಡ್ ಹೋಯಿತ್ತ್. ನಾ ಚೀಲ ಹಿಡ್ಕಂಡ್ ದಡದಗೇ ನಿಂತಿದ್ದೆ. ದೀಪಾವಳಿಗೆ ಹೊಸ ಸಂಕ ಹಾಕ್ರ್. ಅಷ್ಟೊತ್ತಿಗೆ ನನ್ನ್ ಹೆತ್ತಬ್ಬಿ, 'ಇನ್ನ್ ಸಾಕ್ ಹೆಣೆ, ಮನಿ ಕೆಲ್ಸ ಕಲಿ' ಅಂದ್ರ್. ಮತ್ತೆ ನಾ ಹೋಯ್ಲಿಲ್ಲೆ."

ಇನ್ನೂ ನಿಂತೇ ಇದ್ದ ಮುದುಕರ ಕಡೆ ನೋಡಿದಳು.

"ಸಂಕ ಸಣ್ಣ ಕೆಲ್ಸ ಅಂತ್ ಹೇಳ್ತ್ರ್. ದಾಟಿ ಆದವ್ರಿಗೆ ಸಣ್ದ್. ಡಾಂಬರ್ ಬಪ್ಪ ವರ್ಷ ಆಯ್ಲಿ, ಮೊದ್ಲ್ ಸಂಕ." ಅಧಿಕಾರಿಯ ಕಡೆ ತಿರುಗಿದಳು. "ಬರ್ಕಣಿ ಮೇಡಂ. ನಾ ಸಹಿ ಹಾಕ್ತೆ."

ಮುದುಕರು ಕೈ ಮುಗಿದರು. ಯಾರೋ ಚಪ್ಪಾಳೆ ಹೊಡೆದರು. ನನಗೆ ಹೊಡೆಯಲಾಗಲಿಲ್ಲ, ಕೈ ಎರಡೂ ಬೆಂಚನ್ನು ಹಿಡಿದುಕೊಂಡಿದ್ದವು. ಮದುವೆಯಾಗಿ ಇಪ್ಪತ್ತೆಂಟು ವರ್ಷ ಆಗಿತ್ತು. ಅವಳ ಸಕ್ಕರೆ ಕಾಯಿಲೆಯ ಮಾತ್ರೆ ಯಾವ ಬಣ್ಣದ್ದೆಂದು ನನಗೆ ಗೊತ್ತು, ಯಾವ ಸೀರೆ ಅವಳಿಗೆ ಚುಚ್ಚುತ್ತದೆಂದು ಗೊತ್ತು. ಪುಸ್ತಕದ ಚೀಲ ಹಿಡಿದು ತೋಡಿನ ದಡದಲ್ಲಿ ನಿಂತ ಹನ್ನೆರಡು ವರ್ಷದ ಹುಡುಗಿಯ ಸುದ್ದಿ ಮಾತ್ರ ಊರಿನವರ ಜೊತೆ, ಕೊನೆಯ ಬೆಂಚಿನಲ್ಲಿ ಕೂತು, ಮೊದಲ ಬಾರಿಗೆ ಕೇಳಿದೆ. ಅವಳ ನಾಮಪತ್ರದಲ್ಲಿ 'ವಿದ್ಯಾಭ್ಯಾಸ: ಏಳನೇ ತರಗತಿ' ಎಂದು ಬರೆದದ್ದೂ ನಾನೇ.

ಸಭೆ ಮುಗಿದು ಗದ್ದೆಯ ಬದುವಿನ ಮೇಲೆ ಮನೆಗೆ ಹೊರಟೆವು. ಅವಳು ಮುಂದೆ, ನಾನು ಹಿಂದೆ. ಫೋನನ್ನು ಕಿಸೆಯಿಂದ ತೆಗೆದು ಅವಳ ಕೈಗೆ ಕೊಟ್ಟೆ. ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇಷ್ಟ್ ವರ್ಷ ನಂಗೆ ಯಾಕ್ ಹೇಳ್ಲಿಲ್ಲೆ?" ಎಂದೆ.

"ನೀವ್ ಕೇಣ್ಲಿಲ್ಲೆ," ಎಂದಳು. ಕೋಪವಿರಲಿಲ್ಲ. ಉಪ್ಪು ಮುಗಿದಿದೆ ಎಂದು ಹೇಳುವ ಹಾಗೆ ಹೇಳಿದಳು.

ಸ್ವಲ್ಪ ದೂರ ನಡೆದು ಅವಳೇ ಕೇಳಿದಳು. "ಹ್ವಾಯ್, ಓದುದ್ ಮಕ್ಕಳ್ ಹಕ್ಕ್ ಅಂತ್ ಆ ಪುಸ್ತಕ್ದಗೆ ಸೇರ್ಸಿದ್ ಯಾವಾಗ?"

ಎಂಬತ್ತಾರನೆಯ ತಿದ್ದುಪಡಿ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ. ಎರಡು ಸಾವಿರದ ಎರಡರಲ್ಲಿ ಆದದ್ದು, ಜಾರಿಗೆ ಬಂದದ್ದು ಹತ್ತರಲ್ಲಿ. ನಾನೇ ಅಂಟಿಸಿದ್ದು. ಎಲ್ಲ ಹೇಳಿದೆ.

ಅವಳು ಬೆರಳು ಮಡಚಿ ಎಣಿಸಿದಳು. "ಎರಡ್ರಲ್ಲಿ ನಂಗೆ ಮೂವತ್ತ್. ನಮ್ಮ್ ದೊಡ್ಡ ಮಗ್ಳನ್ನ ಶಾಲಿಗೆ ಬಿಟ್ಟ್ ಬಪ್ಪುಕೆ ಸುರು ಮಾಡ್ದ ವರ್ಷ."

ಕಣ್ಣು ಮಂಜಾಗಿ ಬದುವಿನ ಮೇಲೆ ಒಮ್ಮೆ ಕಾಲು ಜಾರಿತು. ಅವಳು ತಿರುಗಿ ನನ್ನ ಮುಖ ನೋಡಿದಳು. ನೋಡಿದ್ದು ಗೊತ್ತಾಗಬಾರದೆಂದು ಮತ್ತೆ ಮುಂದಕ್ಕೆ ನಡೆದಳು.

"ಹದ್ನೇಳ್ ದಿವ್ಸದಗೆ ಲೆಕ್ಕದ್ ಮಾಷ್ಟ್ರ್ ಎರಡ್ ಪಾಠ ಮುಗ್ಸಿರ್," ಎಂದಳು. "ಎರಡೂ ಈಗಳೂ ನೆನ್ಪಿತ್ತ್. ಹೇಳ್ಲಾ?"

"ಹೇಳ್," ಎಂದೆ.

ಮನೆ ಮುಟ್ಟುವವರೆಗೆ ಹೇಳಿದಳು. ನಡುವೆ ನಾನು ಒಂದು ಮಾತೂ ಆಡಲಿಲ್ಲ.